ಹಸಿರು ಎಂಬ ಸುಳಿವು

ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ. ಕಾಗುಣಿತ, ಒತ್ತು ಎಲ್ಲವೂ ಅದರೊಳಗೇ ಅಡಕ. ಹಾಗಾಗಿ ‘ಹಸಿರು ಬಣ್ಣದ ಜೀವಿ, ಎರಡು ಅಕ್ಷರ’ ಎಂಬ ಸುಳಿವಿಗೆ ಗಿಣಿಯೂ ಹೊಂದುತ್ತದೆ, ಪಾಚಿಯೂ ಹೊಂದುತ್ತದೆ. ಮೂರು ಅಕ್ಷರವಾದರೆ ಗರಿಕೆ ಬರೆಯಬಹುದು, ಮಿಡತೆಯನ್ನೂ ಬರೆಯಬಹುದು. ನಾಲ್ಕು ಅಕ್ಷರ, ಮೊದಲನೆಯದು ‘ಕ’ ಎಂದು ಗೊತ್ತಾದ ಮೇಲೂ ಕರಿಬೇವು ಮತ್ತು ಕಳ್ಳಿಪೀರ ಎರಡೂ ಕಣದಲ್ಲಿ ಉಳಿಯುತ್ತವೆ. ಒಂದು ಒಗ್ಗರಣೆಗೆ ಬೀಳುವ ಎಲೆ, ಇನ್ನೊಂದು ತಂತಿಯ ಮೇಲೆ ಕೂತು ಹಾರುವ ಜೇನ್ನೊಣವನ್ನು ಹಿಡಿದು ತಿನ್ನುವ ಹಕ್ಕಿ. ಪದಬಂಧ ಬಿಡಿಸುವವರು ಇಲ್ಲಿ ಸುಳಿವನ್ನು ಬೈಯುವುದಿಲ್ಲ; ಮೇಲಿನಿಂದ ಕೆಳಕ್ಕೆ ಹಾಯುವ ಇನ್ನೊಂದು ಪದಕ್ಕಾಗಿ ಕಾಯುತ್ತಾರೆ. ಅಡ್ಡಸಾಲು ಮತ್ತು ಕಂಬಸಾಲು ಕೂಡಿದ ಮನೆಯಲ್ಲಿ ತಪ್ಪು ಉತ್ತರ ತಾನಾಗಿ ಬಿದ್ದುಹೋಗುತ್ತದೆ. ಜೀವಿಗಳ ಬಣ್ಣವನ್ನು ಓದುವ ವಿಜ್ಞಾನದ ಕ್ರಮವೂ ಇದೇ. ಬಣ್ಣವೊಂದೇ ಸಾಲದು, ಆ ಬಣ್ಣ ಯಾವುದರಿಂದ ಆಯಿತು, ಯಾವ ವಂಶದಲ್ಲಿ ಬಂತು, ಅಲ್ಲಿ ಏನು ಕೆಲಸ ಮಾಡುತ್ತದೆ ಎಂಬ ಕಂಬಸಾಲುಗಳೂ ಬೇಕು.

ಅವುಗಳನ್ನು ತುಂಬುತ್ತ ಹೋದರೆ ಮೊದಲಿಗೆ ಈ ಸುಳಿವು ಪೂರ್ತಿ ನಿರುಪಯೋಗಿ ಎನಿಸುತ್ತದೆ. ಗಿಣಿಯ ಹಸಿರಿಗೂ ಪಾಚಿಯ ಹಸಿರಿಗೂ ರಸಾಯನದಲ್ಲಿ ಸಂಬಂಧವಿಲ್ಲ, ವಂಶದಲ್ಲಿ ಮೊದಲೇ ಇಲ್ಲ. ಹಾಗಿದ್ದರೆ ಗಿಡ, ಪಾಚಿ, ಪ್ರಾಣಿಗಳನ್ನು ‘ಹಸಿರು’ ಎಂಬ ಒಂದೇ ತಲೆಬರಹದ ಕೆಳಗೆ ಸೇರಿಸುವುದು ಬರೀ ಆಟವೇ? ಅಲ್ಲ ಎಂಬುದು ಈ ಅಧ್ಯಾಯದ ವಾದ. ಗಿಡ ಮತ್ತು ಪಾಚಿಗಳಿಗೆ ಹಸಿರು ಎಂಬುದು ಬೆಳಕಿನಿಂದ ಅನ್ನ ಮಾಡುವ ದುಡಿಮೆಯ ಗುರುತು. ಪ್ರಾಣಿಗಳಿಗೆ ಅದು ಬಹುಮಟ್ಟಿಗೆ ಆ ಎಲೆಗಳ ನಡುವೆ ಬದುಕಲು ರೂಪಿಸಿಕೊಂಡ ವೇಷ. ಮೊದಲನೆಯದು ಕಾರಣ, ಎರಡನೆಯದು ಅದರ ಪರಿಣಾಮ. ಹಸಿರು ನೆಂಟಸ್ತಿಕೆಯನ್ನು ಹೇಳುವುದಿಲ್ಲ, ನಿಜ. ಆದರೆ ಯಾವುದು ಯಾವುದರ ನೆರಳಿನಲ್ಲಿ ಬದುಕುತ್ತದೆ ಎಂಬುದನ್ನು ಹೇಳುತ್ತದೆ. ಇದನ್ನು ಪರೀಕ್ಷಿಸಲು ದೂರದ ಮಳೆಕಾಡು ಬೇಕಿಲ್ಲ. ಅರಸೀಕೆರೆಯಿಂದ ಕಡೂರಿನ ಕಡೆಗೆ ಹೋಗುವ ಹೆದ್ದಾರಿಯ ಬಾಣಾವರ, ಅಲ್ಲಿಂದ ನೈಋತ್ಯಕ್ಕೆ ಹಳೇಬೀಡು, ಅದಕ್ಕೂ ಆಚೆ ಬೇಲೂರು: ತೆಂಗು ಮತ್ತು ರಾಗಿಯ ಬಯಲುಸೀಮೆ ಕಾಫಿಯ ಮಲೆನಾಡಿನ ಅಂಚಿಗೆ ಏರುವ ಈ ಒಂದು ಓರೆ ಪಟ್ಟಿಯಲ್ಲೇ ಬೇಕಾದ ಪುರಾವೆಗಳೆಲ್ಲ ಇವೆ.

ಎಲೆಯ ಹಸಿರಿನ ರಸಾಯನವನ್ನು ಈ ಸೀಮೆಯ ಅಡುಗೆಮನೆಗಳು ದಿನವೂ ಬಿಡಿಸಿ ತೋರಿಸುತ್ತವೆ. ಬಸ್ಸಾರಿಗೆಂದು ಕೆಂಪು ಹರಿವೆ ಸೊಪ್ಪನ್ನು ಬೇಳೆಯೊಂದಿಗೆ ಬೇಯಿಸಿ ಬಸಿದಾಗ ಕಟ್ಟು ಕೆಂಪಾಗುತ್ತದೆ, ಉಳಿದ ಸೊಪ್ಪಿನಲ್ಲಿ ಅಡಗಿದ್ದ ಹಸಿರು ಮೇಲೆ ಕಾಣುತ್ತದೆ. ಹರಿವೆಯ ಕೆಂಪು ನೀರಿನಲ್ಲಿ ಕರಗುವ ಬೀಟಾಸಯನಿನ್. ಹಸಿರು ನೀರಿಗೆ ಬಿಡದ ಕ್ಲೋರೊಫಿಲ್. ಅಂದರೆ ಕೆಂಪಾಗಿ ಕಂಡ ಆ ಗಿಡವೂ ಅಷ್ಟು ದಿನ ಹಸಿರಿನಿಂದಲೇ ಹೊಟ್ಟೆ ಹೊರೆದಿತ್ತು. ಅದೇ ಸೊಪ್ಪಿಗೆ ಹುಣಸೆಹುಳಿ ಹಾಕಿ ಕುದಿಸಿದರೆ ತಿಳಿಹಸಿರು ಹೋಗಿ ಮಂಕಾದ ಕಂದುಹಸಿರು ಉಳಿಯುತ್ತದೆ. ಕ್ಲೋರೊಫಿಲ್ ಅಣುವಿನ ತಲೆಯಲ್ಲಿ ಒಂದು ಉಂಗುರ, ಉಂಗುರದ ನಡುವೆ ಒಂದು ಮಗ್ನೀಸಿಯಂ ಪರಮಾಣು. ಹುಳಿಯಲ್ಲಿರುವ ಹೈಡ್ರೋಜನ್ ಅಯಾನುಗಳು ಆ ಮಗ್ನೀಸಿಯಂ ಅನ್ನು ಹೊರದಬ್ಬಿ ಅದರ ಜಾಗದಲ್ಲಿ ಕೂರುತ್ತವೆ, ಬಣ್ಣ ಕೆಡುತ್ತದೆ. ಫ್ರಾನ್ಸಿನ ಪೆಲೆಟಿಯೆ ಮತ್ತು ಕಾವೆಂಟು 1817ರಲ್ಲಿ ಎಲೆಯಿಂದ ಈ ಹಸಿರನ್ನು ಬೇರ್ಪಡಿಸಿ ಹೆಸರಿಟ್ಟರು. ಅದರಲ್ಲಿ ಮಗ್ನೀಸಿಯಂ ಇದೆ ಎಂದು ತೋರಿಸಿದ ಜರ್ಮನಿಯ ರಿಚರ್ಡ್ ವಿಲ್‌ಸ್ಟೆಟರ್‌ಗೆ 1915ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಂತು. ಕ್ಲೋರೊಫಿಲ್ ಬಿಸಿಲಿನ ನೀಲಿ ಮತ್ತು ಕೆಂಪು ಭಾಗಗಳನ್ನು ಬಲವಾಗಿ ಹೀರುತ್ತದೆ, ಹಸಿರನ್ನು ಕಡಿಮೆ ಹೀರುತ್ತದೆ. ಹಾಗೆ ಮಿಕ್ಕು ಹೊರಬಿದ್ದ ಬೆಳಕೇ ನಮ್ಮ ಕಣ್ಣಿಗೆ ಎಲೆಯ ಬಣ್ಣ. ಎಲೆಗೆ ಹಸಿರಾಗಿ ಕಾಣಬೇಕೆಂಬ ಗರಜು ಏನಿಲ್ಲ. ಕಾಣುವುದು ದುಡಿಮೆಯ ಶೇಷ.

ದುಡಿಮೆಯ ಗುರುತು ಎಂದಮೇಲೆ, ದುಡಿಮೆ ಇಲ್ಲದ ಕಡೆ ಹಸಿರೂ ಇರಬಾರದು. ಇದನ್ನು ಒರೆಗೆ ಹಚ್ಚಲು ಹಾಸನ ಜಿಲ್ಲೆಯ ಬೆಳೆಯೇ ಸಾಕು. ಆಲೂಗಡ್ಡೆ ಮಣ್ಣಿನೊಳಗೆ ಇರುವಷ್ಟು ಕಾಲ ಬಿಳಿಚಿಕೊಂಡೇ ಇರುತ್ತದೆ. ಮಣ್ಣು ಸರಿದು ಬಿಸಿಲು ಬಿದ್ದ ಗೆಡ್ಡೆಯ ಸಿಪ್ಪೆ ಹಸಿರಾಗುತ್ತದೆ, ಏಕೆಂದರೆ ಅದು ಬೇರಲ್ಲ, ಕಾಂಡ. ಬೆಳಕು ಸಿಕ್ಕೊಡನೆ ಕಾಂಡದ ಕೆಲಸ ಶುರುಮಾಡುತ್ತದೆ. ಅಂಥ ಗೆಡ್ಡೆಯನ್ನು ತಿನ್ನಬೇಡಿ ಎನ್ನುವುದು ಜೊತೆಯಲ್ಲೇ ಹೆಚ್ಚುವ ಸೊಲನಿನ್ ಎಂಬ ವಿಷದಿಂದಾಗಿ. ಹಸಿರಿನದು ಅದರಲ್ಲಿ ತಪ್ಪಿಲ್ಲ. ಇನ್ನೊಂದು ಪರೀಕ್ಷೆ ಪರಾವಲಂಬಿಗಳದ್ದು. ಮಾವಿನ ಕೊಂಬೆಯ ಮೇಲೆ ಕೂರುವ ಬಂದಳಿಕೆ ಮರದಿಂದ ಮುಖ್ಯವಾಗಿ ನೀರು, ಲವಣಗಳನ್ನು ಕದಿಯುತ್ತದೆ, ಅನ್ನವನ್ನು ಬಹುಪಾಲು ತಾನೇ ಮಾಡಿಕೊಳ್ಳುತ್ತದೆ. ಅದರ ಎಲೆ ಹಸಿರು. ಬೇಲಿಗಿಡಗಳ ಮೇಲೆ ಹಳದಿ ಎಳೆಗಳಾಗಿ ಹೆಣೆದುಕೊಳ್ಳುವ ಕಸ್ಕ್ಯೂಟ ಬಳ್ಳಿ ಅನ್ನವನ್ನೂ ಕದಿಯುತ್ತದೆ. ಅದಕ್ಕೆ ಎಲೆಯೂ ಇಲ್ಲ, ಹಸಿರೂ ಇಲ್ಲವೆನ್ನುವಷ್ಟು ಕಡಿಮೆ. ಕಳ್ಳತನ ಎಷ್ಟು ಆಳವೋ ಹಸಿರು ಅಷ್ಟು ತೆಳು.

ಪಾಚಿಯ ಕಡೆಗೆ ಬಂದರೆ ಹಸಿರು ಹಳೆಯ ಚರಿತ್ರೆಯನ್ನು ತೆರೆಯುತ್ತದೆ. ಕೆರೆಯ ಅಂಚಿನಲ್ಲಿ ಕೈಗೆ ನುಣುಪಾಗಿ ಸಿಗುವ ಸ್ಪೈರೊಗೈರದ ಎಳೆಗಳೂ ದಡದ ಗರಿಕೆಯೂ ಒಂದೇ ಬಗೆಯ ಕ್ಲೋರೊಫಿಲ್ ಜೋಡಿಯನ್ನು ಹೊತ್ತಿವೆ. ನೆಲದ ಗಿಡಗಳೆಲ್ಲ ಸಿಹಿನೀರಿನ ಹಸಿರು ಪಾಚಿಗಳ ವಂಶದಿಂದಲೇ ಮೇಲೆ ಬಂದವು. ಆದರೆ ನಾವು ನೀಲಿಹಸಿರು ಪಾಚಿ ಎಂದು ಕರೆಯುವ ಸಯನೊಬ್ಯಾಕ್ಟೀರಿಯಗಳು ಪಾಚಿಗಳೇ ಅಲ್ಲ, ಬ್ಯಾಕ್ಟೀರಿಯಗಳು. ಹಾಗೆಂದು ಅವು ಪರಕೀಯವೂ ಅಲ್ಲ. ನೂರು ಕೋಟಿ ವರ್ಷಗಳಿಗೂ ಹಿಂದೆ ಅವುಗಳ ಪೂರ್ವಜವೊಂದು ಇನ್ನೊಂದು ಕೋಶದ ಒಳಹೊಕ್ಕು ಅಲ್ಲೇ ನೆಲೆಸಿತು. ಇಂದಿನ ಎಲೆಯೊಳಗಿನ ಹರಿತ್ತಿನ ಕಣಗಳು ಅದರ ಸಂತತಿ. ರಷ್ಯದ ಮೆರೆಷ್ಕೋವ್‌ಸ್ಕಿ 1905ರಲ್ಲಿ ಹೀಗೆಂದು ಊಹಿಸಿದಾಗ ಹೆಚ್ಚಿನವರು ಕಿವಿಗೊಡಲಿಲ್ಲ. 1967ರಲ್ಲಿ ಅಮೆರಿಕದ ಲಿನ್ ಮಾರ್ಗುಲಿಸ್ ಅದೇ ವಿಚಾರವನ್ನು ಹೊಸ ಪುರಾವೆಗಳೊಂದಿಗೆ ಮುಂದಿಟ್ಟರು; ಆಮೇಲೆ ಹರಿತ್ತಿನ ಕಣಗಳೊಳಗಿನ ಡಿಎನ್‌ಎ ಓದಿದಾಗ ನೆಂಟಸ್ತಿಕೆ ಖಚಿತವಾಯಿತು. ಆದ್ದರಿಂದ ತೆಂಗಿನ ಗರಿ, ಗರಿಕೆ, ಪಾಚಿ, ಕೆರೆಯ ನೀಲಿಹಸಿರು ಕೆನೆ ಇವು ನಾಲ್ಕೂ ಹಸಿರಾಗಿರುವುದು ಕಾಕತಾಳೀಯವಲ್ಲ. ಅಲ್ಲೆಲ್ಲ ದುಡಿಯುತ್ತಿರುವುದು ಒಂದೇ ಮೂಲದ ಯಂತ್ರ.

ಗಿಣಿಯಲ್ಲಿ ಆ ಯಂತ್ರವಿಲ್ಲ. ತೆಂಗಿನ ತೋಟ, ಹೊಲಗಳ ಮೇಲೆ ಕಿರುಚುತ್ತ ಹಾರುವ ನಮ್ಮ ಸಾಮಾನ್ಯ ಗಿಣಿಯ ಗರಿಯಲ್ಲಿ ಹಸಿರು ವರ್ಣಕ ಎಂಬುದೇ ಇಲ್ಲ. ಗರಿಯ ಎಳೆಯ ಒಳಗೆ ಕೆರಟಿನ್ ಮತ್ತು ಗಾಳಿಯ ಅತಿಸೂಕ್ಷ್ಮ ಜಾಲರಿ ಇದೆ; ಅದರ ಅಳತೆ ಎಷ್ಟು ಹದವೆಂದರೆ ನೀಲಿ ಬೆಳಕು ಮಾತ್ರ ಬಲವಾಗಿ ಹಿಂದಿರುಗುತ್ತದೆ. ಅದರ ಮೇಲೆ ಗಿಣಿಗಳ ವಂಶಕ್ಕಷ್ಟೇ ಮೀಸಲಾದ ಸಿಟಕೊಫುಲ್ವಿನ್ ಎಂಬ ಹಳದಿ ವರ್ಣಕ. ನೀಲಿ ರಚನೆ, ಹಳದಿ ವರ್ಣಕ ಕೂಡಿ ಹಸಿರು. ಇದು ಬರೀ ಸಿದ್ಧಾಂತವಲ್ಲ ಎನ್ನಲು ಸಾಕಿದ ಗಿಣಿಗಳಲ್ಲಿ ಕಾಣುವ ಬಣ್ಣಬದಲಿಗಳೇ ಸಾಕ್ಷಿ: ಹಳದಿ ವರ್ಣಕ ತಯಾರಾಗದ ಮರಿ ನೀಲಿಯಾಗಿ ಬೆಳೆಯುತ್ತದೆ, ಕಪ್ಪು ವರ್ಣಕವಾದ ಮೆಲನಿನ್ ತಯಾರಾಗದ ಮರಿ ಹಳದಿಯಾಗಿ ಬೆಳೆಯುತ್ತದೆ. ಹಾವು, ಕಪ್ಪೆಗಳಲ್ಲೂ ಸೂತ್ರ ಹೆಚ್ಚು ಕಡಿಮೆ ಇದೇ: ಮೇಲೊಂದು ಹಳದಿ ಕೋಶಗಳ ಪದರ, ಕೆಳಗೆ ನೀಲಿಯನ್ನು ಹಿಂದಿರುಗಿಸುವ ಹರಳುಗಳ ಪದರ, ತಳದಲ್ಲಿ ಕಪ್ಪು. ಸಂಗ್ರಹಾಲಯಗಳಲ್ಲಿ ಆಲ್ಕೋಹಾಲ್ ತುಂಬಿದ ಜಾಡಿಗೆ ಹಾಕಿಟ್ಟ ಹಸಿರು ಹಾವು, ಹಸಿರು ಕಪ್ಪೆಗಳು ಎಷ್ಟೋ ಬಾರಿ ನೀಲಿಗೆ ತಿರುಗುವುದು ಹಳದಿ ಕರಗಿ ಹೋಗುವುದರಿಂದ. ಗೋಸುಂಬೆ ಈ ಸೂತ್ರವನ್ನು ಜೀವಂತವಾಗಿಯೇ ತಿದ್ದಬಲ್ಲದು. ಜಿನೀವಾ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಮಡಗಾಸ್ಕರಿನ ಗೋಸುಂಬೆಯ ಚರ್ಮವನ್ನು ಪರೀಕ್ಷಿಸಿ, ಅದು ಗ್ವಾನಿನ್ ಹರಳುಗಳ ನಡುವಿನ ಅಂತರವನ್ನು ಹಿಗ್ಗಿಸಿ ಕುಗ್ಗಿಸಿ ಹಿಂದಿರುಗುವ ಬೆಳಕನ್ನೇ ಬದಲಿಸುತ್ತದೆ ಎಂದು ತೋರಿಸಿತು.

ಕೀಟಗಳ ದಾರಿ ಬೇರೆ. ಮಿಡತೆ, ಸೂರ್ಯನ ಕುದುರೆ, ಎಲೆ ತಿನ್ನುವ ಅನೇಕ ಹುಳುಗಳ ಹಸಿರು ಎರಡು ವರ್ಣಕಗಳ ಬೆರಕೆ: ಎಲೆಯಿಂದ ತಿಂದು ಪಡೆದ ಹಳದಿ ಕೆರೋಟಿನಾಯ್ಡ್ ಒಂದು, ದೇಹವೇ ತಯಾರಿಸಿದ, ಪಿತ್ತರಸದ ಜಾತಿಗೆ ಸೇರಿದ ನೀಲಿಹಸಿರು ವರ್ಣಕ ಇನ್ನೊಂದು. ತಂಬಾಕಿನ ಎಲೆ ತಿನ್ನುವ ಅಮೆರಿಕದ ಒಂದು ಪತಂಗದ ಹುಳುವಿಗೆ ಪ್ರಯೋಗಶಾಲೆಯಲ್ಲಿ ಕೆರೋಟಿನಾಯ್ಡ್ ಕಡಿಮೆ ಇರುವ ಕೃತಕ ಆಹಾರ ಕೊಟ್ಟು ಸಾಕಿದರೆ ಅದು ಹಸಿರಾಗದೆ ನೀಲಿಯಾಗಿ ಬೆಳೆಯುತ್ತದೆ. ಈ ಗುಂಪಿನ ಪ್ರಮುಖ ವರ್ಣಕ ಬಿಲಿವರ್ಡಿನ್ ನಮಗೂ ಹೊಸದಲ್ಲ: ಪೆಟ್ಟು ಬಿದ್ದ ಜಾಗ ಕೆಲವು ದಿನಗಳ ಮೇಲೆ ಹಸಿರುಗಟ್ಟುವುದು ರಕ್ತದ ಹೀಮ್ ಒಡೆದು ಬಿಲಿವರ್ಡಿನ್ ಆಗುವುದರಿಂದ. ಇಲ್ಲೊಂದು ಸೊಗಸಾದ ತಿರುವಿದೆ. ಹೀಮ್ ಮತ್ತು ಕ್ಲೋರೊಫಿಲ್ ಎರಡನ್ನೂ ಜೀವಕೋಶಗಳು ಒಂದೇ ಬಗೆಯ ಉಂಗುರದಿಂದ ಕಟ್ಟುತ್ತವೆ; ನಡುವೆ ಕಬ್ಬಿಣ ಕೂತರೆ ಹೀಮಿನ ದಾರಿ, ಮಗ್ನೀಸಿಯಂ ಕೂತರೆ ಕ್ಲೋರೊಫಿಲ್ ದಾರಿ. ಹಾಗಾದರೆ ಮಿಡತೆಯ ಹಸಿರು ಗರಿಕೆಯ ಹಸಿರಿಗೆ ದೂರದ ನೆಂಟನೆನ್ನಬಹುದಲ್ಲ ಎಂದು ಕೇಳಿದರೆ, ಅಣುವಿನ ಮಟ್ಟದಲ್ಲಿ ಹೌದು. ಆದರೆ ಗರಿಕೆಯಲ್ಲಿ ಉಂಗುರ ಇಡಿಯಾಗಿದ್ದು ಬೆಳಕು ಹಿಡಿಯುತ್ತದೆ, ಮಿಡತೆಯಲ್ಲಿ ಉಂಗುರ ಮುರಿದು ಬಣ್ಣವಾಗಿ ಮಾತ್ರ ಉಳಿದಿದೆ. ಸಾಮಗ್ರಿ ಹತ್ತಿರದ್ದಾದರೂ ಕೆಲಸ ದೂರದ್ದು.

ಈಗ ಮುಖ್ಯ ಪ್ರಶ್ನೆ. ಗಿಣಿ ರಚನೆಯಿಂದ, ಹಾವು ಹರಳಿನಿಂದ, ಹುಳು ಪಿತ್ತದ ವರ್ಣಕದಿಂದ, ಹೀಗೆ ಒಂದರ ಕಷ್ಟ ಇನ್ನೊಂದಕ್ಕೆ ಗೊತ್ತಿಲ್ಲದೆ, ಬೇರೆ ಬೇರೆ ದಾರಿಗಳಲ್ಲಿ ನಡೆದು ಒಂದೇ ಬಣ್ಣಕ್ಕೆ ಬಂದು ಸೇರಿದ್ದೇಕೆ? ದಾರಿಗಳು ಬೇರೆಯಾಗಿ ಗುರಿ ಒಂದೇ ಆದಾಗ, ಗುರಿಯ ಕಡೆಗೆ ತಳ್ಳುವ ಸಮಾನ ಒತ್ತಡವೊಂದು ಹೊರಗಿದೆ ಎಂದೇ ಅರ್ಥ. ಆ ಒತ್ತಡ ಎಲೆಗಳ ಹಿನ್ನೆಲೆ ಮತ್ತು ಅದರೆದುರು ಬೇಟೆಯಾಡುವ ಕಣ್ಣುಗಳು. ಇಟಲಿಯಲ್ಲಿ ಡಿ ಚೆಸ್ನೊಲಾ ಎಂಬಾತ 1904ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಸಿರು ಮತ್ತು ಕಂದು ಸೂರ್ಯನ ಕುದುರೆಗಳನ್ನು ರೇಷ್ಮೆದಾರದಿಂದ ಹಸಿರು ಹುಲ್ಲಿಗೂ ಒಣಹುಲ್ಲಿಗೂ ಕಟ್ಟಿ ಬಿಟ್ಟಿದ್ದ. ಬಣ್ಣ ಹೊಂದಿದ ಜಾಗದಲ್ಲಿದ್ದವು ಉಳಿದವು. ಹೊಂದದ ಜಾಗದಲ್ಲಿದ್ದವುಗಳಲ್ಲಿ ಹೆಚ್ಚಿನವು ಸತ್ತವು, ಬಹುಪಾಲು ಹಕ್ಕಿಗಳ ಪಾಲಾಗಿ. ಸಣ್ಣ ಪ್ರಯೋಗವೊಂದರ ಮೇಲೆ ಇಡೀ ವಾದವನ್ನು ನಿಲ್ಲಿಸಲಾಗದು. ಆದರೆ ಬಯಲುಸೀಮೆಯ ವರ್ಷಚಕ್ರ ಅದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತದೆ: ಎಷ್ಟೋ ಜಾತಿಯ ಮಿಡತೆಗಳಲ್ಲಿ ಹಸಿರು ಮತ್ತು ಕಂದು ಎರಡೂ ರೂಪಗಳಿದ್ದು, ತೇವವೂ ಹಸಿಹುಲ್ಲೂ ಇರುವಾಗ ಬೆಳೆದವು ಹೆಚ್ಚಾಗಿ ಹಸಿರು, ಒಣಗಿದ ಕಾಲದಲ್ಲಿ ಬೆಳೆದವು ಹೆಚ್ಚಾಗಿ ಕಂದು. ಕರಿಬೇವಿನ ಗಿಡದ ಮೇಲೆ ಬೆಳೆಯುವ ನಿಂಬೆ ಚಿಟ್ಟೆಯ ಹುಳುವಿನದು ಇನ್ನೂ ಬಿಗಿಯಾದ ಸಾಕ್ಷ್ಯ. ಚಿಕ್ಕದಿರುವಾಗ ಅದು ಕಪ್ಪು ಬಿಳಿ ಬಣ್ಣದಲ್ಲಿ ಹಕ್ಕಿಯ ಹಿಕ್ಕೆಯನ್ನು ಹೋಲುತ್ತದೆ. ಹಿಕ್ಕೆ ಎನ್ನಲಾಗದಷ್ಟು ದೊಡ್ಡದಾದಾಗ, ಕೊನೆಯ ಪೊರೆ ಕಳಚಿದ ಮೇಲೆ, ಎಲೆಯ ಹಸಿರಾಗುತ್ತದೆ. ಎರಡೂ ಹಂತದಲ್ಲಿ ಅದು ತಿಂದದ್ದು ಅದೇ ಎಲೆಯನ್ನು. ಊಟದಿಂದ ಬಣ್ಣ ತಾನಾಗಿ ಬಂತು ಎನ್ನುವವರಿಗೆ ಇದೇ ಉತ್ತರ.

ಕಾಣದ ಕಡೆ ಈ ಬಣ್ಣ ಇರಬಾರದು ಎಂಬುದೂ ವಾದದಿಂದ ಹೊರಡುವ ನಿರೀಕ್ಷೆ. ತೆಂಗಿನ ಕಾಂಡದೊಳಗೆ ಕೊರೆಯುವ ಕೆಂಪುಮೂತಿ ಹುಳುವಿನ ಮರಿ, ತಿಪ್ಪೆಯಲ್ಲಿ ಬೆಳೆಯುವ ಗೊಬ್ಬರದ ಹುಳು, ರಾಗಿಯ ಬೇರು ಕಡಿಯುವ ಗೊಣ್ಣೆಹುಳು ಮೂರೂ ಬಿಳಿಚಿದ ಕೆನೆಬಣ್ಣದವು. ಇವೂ ಗಿಡ ತಿಂದೇ ಬೆಳೆಯುತ್ತವೆ, ಆದರೆ ಹಕ್ಕಿಯ ಕಣ್ಣು ತಲುಪದ ಕತ್ತಲಲ್ಲಿ.

ಆಕ್ಷೇಪಗಳು ಇಲ್ಲದಿಲ್ಲ. ಎಲೆಗಳ ನಡುವೆ ಅಡಗುವುದೇ ಕಾರಣವಾದರೆ ಹಸಿರು ಹುಲಿ, ಹಸಿರು ಮುಸುವ ಏಕಿಲ್ಲ? ಸಸ್ತನಿಗಳ ಕೂದಲಿಗೆ ದೊರೆತ ವರ್ಣಕ ಮೆಲನಿನ್ ಒಂದೇ. ಅದರಿಂದ ಕಪ್ಪು, ಕಂದು, ಕೆಂಗಂದು ಬರುತ್ತವೆ, ಹಸಿರು ಬರುವುದಿಲ್ಲ. ಅದಲ್ಲದೆ ಹುಲಿಗೆ ಆ ಅಗತ್ಯವೂ ಇಲ್ಲ. ಹತ್ತಿರದ ಭದ್ರಾ ಕಾಡಿನ ಹುಲಿ ಮರೆಯಾಗಬೇಕಾದದ್ದು ಜಿಂಕೆಯ ಕಣ್ಣಿಗೆ. ಜಿಂಕೆಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆಯವು, ಹಾಗಾಗಿ ಕಿತ್ತಳೆಗೂ ಹಸಿರಿಗೂ ಅದಕ್ಕೆ ವ್ಯತ್ಯಾಸ ಕಾಣದು. ಬ್ರಿಟನ್ನಿನ ಬ್ರಿಸ್ಟಲ್‌ನ ಸಂಶೋಧಕರು 2019ರಲ್ಲಿ ಇದನ್ನು ಚಿತ್ರಗಳ ಮೂಲಕ ಲೆಕ್ಕ ಹಾಕಿ ತೋರಿಸಿದರು. ನಮಗೆ ಎದ್ದುಕಾಣುವ ಹುಲಿ, ಬೇಟೆಯ ಕಣ್ಣಿಗೆ ಹುಲ್ಲಿನ ಬಣ್ಣದ್ದೇ. ವೇಷ ತೊಡುವುದು ನೋಡುವ ಕಣ್ಣಿಗೆ ತಕ್ಕಂತೆ. ಆದ್ದರಿಂದ ಈ ಆಕ್ಷೇಪ ವಾದವನ್ನು ಬಲಪಡಿಸುತ್ತದೆ.

ನವಿಲಿನ ಆಕ್ಷೇಪ ಇದಕ್ಕಿಂತ ಗಟ್ಟಿ. ಅದರ ಗರಿಯ ಮಿರುಗುವ ಹಸಿರು ಅಡಗಲಿಕ್ಕಲ್ಲ, ಹೆಣ್ಣಿನ ಕಣ್ಣಿಗೆ ಬೀಳಲಿಕ್ಕೆ. ಇಲ್ಲಿ ವಾದಕ್ಕೊಂದು ಮಿತಿ ಹಾಕಲೇಬೇಕು: ಯಾವ ಕೋನದಿಂದ ನೋಡಿದರೂ ಒಂದೇ ಆಗಿರುವ ಮಂದ ಹಸಿರು ಎಲೆಗೆ ಕೊಟ್ಟ ಉತ್ತರ, ಕೋನ ತಿರುಗಿದಂತೆ ನೀಲಿ, ಚಿನ್ನದ ಬಣ್ಣಗಳಿಗೆ ಜಾರುವ ಹಸಿರಿನ ಕತೆ ಬೇರೆ ಇರಬಹುದು. ಆದರೆ ಈ ಗೆರೆಯೂ ತೀರ ನೇರವಲ್ಲ. ಮಕ್ಕಳು ಬೆಂಕಿಪೊಟ್ಟಣದಲ್ಲಿಟ್ಟು ಸಾಕುತ್ತಿದ್ದ ಜೀರ್ಜಿಂಬೆಯ ಗುಂಪಿಗೆ ಸೇರಿದ ಏಷ್ಯದ ಸ್ಟರ್ನೊಸೆರಾ ದುಂಬಿಯ ಮಿರುಗುವ ರೆಕ್ಕೆಗವಚಗಳನ್ನು 2020ರ ಒಂದು ಪ್ರಯೋಗದಲ್ಲಿ ಆಹಾರದ ಹುಳುಗಳೊಂದಿಗೆ ಎಲೆಗಳ ಮೇಲೆ ಇರಿಸಲಾಯಿತು. ಮಿರುಗುವವು ಮಂದ ಬಣ್ಣದವುಗಳಿಗಿಂತ ಹೆಚ್ಚಾಗಿ ಹಕ್ಕಿಗಳಿಂದ ಪಾರಾದವು. ಹುಡುಕಲು ಹೊರಟ ಮನುಷ್ಯರಿಗೂ ಅವು ಸುಲಭಕ್ಕೆ ಸಿಗಲಿಲ್ಲ. ಹೊಳಪಿನ ಎಲೆಗಳ ನಡುವೆ ಹೊಳಪೂ ಮರೆಯಾಗಬಲ್ಲದು. ಉಳಿದ ಆಕ್ಷೇಪ, ತಾವೇ ಬೆಳಕಿನಿಂದ ಅನ್ನ ಪಡೆಯುವ ಪ್ರಾಣಿಗಳದ್ದು. ಸಿಹಿನೀರಿನ ಹಸಿರು ಹೈಡ್ರಾ ಹಸಿರಾಗಿರುವುದು ತನ್ನ ಕೋಶಗಳೊಳಗೆ ಪಾಚಿಯನ್ನು ಇಟ್ಟುಕೊಂಡಿರುವುದರಿಂದ. ಅಮೆರಿಕದ ಪೂರ್ವ ಕರಾವಳಿಯ ಎಲಿಸಿಯಾ ಎಂಬ ಕಡಲ ಸಿಂಬಳದಹುಳು ತಾನು ತಿಂದ ಪಾಚಿಯ ಹರಿತ್ತಿನ ಕಣಗಳನ್ನು ಜೀರ್ಣಿಸದೆ ಉಳಿಸಿಕೊಳ್ಳುತ್ತದೆ. ಎರಡರಲ್ಲೂ ದುಡಿಯುವ ಹಸಿರು ಪ್ರಾಣಿಯದಲ್ಲ. ವಾದ ಅಲ್ಲಿಯೂ ಹಾಗೆಯೇ ನಿಲ್ಲುತ್ತದೆ: ಕ್ಲೋರೊಫಿಲ್ ಇದ್ದಲ್ಲಿ ಹುಡುಕಿದರೆ ಕೊನೆಗೆ ಸಿಗುವುದು ಅದೇ ಹಳೆಯ ಯಂತ್ರ.

ಬಣ್ಣವನ್ನಷ್ಟೇ ನಂಬಿದರೆ ಎಲ್ಲಿ ಎಡವುತ್ತೇವೆ ಎಂಬುದನ್ನು ಬೇಲೂರು, ಹಳೇಬೀಡಿನ ಗುಡಿಗಳು ಒಂದೇ ಕಡೆ ತೋರಿಸುತ್ತವೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯೂ ಹಳೇಬೀಡಿನ ಹೊಯ್ಸಳೇಶ್ವರವೂ ಕ್ಲೋರೈಟ್ ಶಿಸ್ಟ್ ಎಂಬ ಮೆದುಕಲ್ಲಿನವು. ಕಲ್ಲಿನ ಬೂದುಬಣ್ಣದಲ್ಲಿ ತೇಲುವ ಹಸಿರು ಛಾಯೆಗೆ ಕ್ಲೋರೈಟ್ ಖನಿಜದೊಳಗಿನ ಕಬ್ಬಿಣ ಮುಖ್ಯ ಕಾರಣ. ಹೆಸರು ಹತ್ತಿರವೆಂದು ಅದಕ್ಕೂ ಕ್ಲೋರೊಫಿಲ್‌ಗೂ ನಂಟು ಕಟ್ಟುವಂತಿಲ್ಲ. ಬೇಲೂರಿನ ಮದನಿಕೆಯರಲ್ಲಿ ಶುಕಭಾಷಿಣಿ ಒಬ್ಬಳು. ಅವಳ ಕೈಮೇಲಿನ ಗಿಣಿಯ ಬಣ್ಣ ಕಬ್ಬಿಣದ್ದು, ಹೊರಗೆ ಹಾರುವ ಗಿಣಿಯದು ಗರಿಯ ರಚನೆಯದು, ಮಳೆಗಾಲದಲ್ಲಿ ಕಲ್ಲಿನ ತೇವದ ಸಂದುಗಳಲ್ಲಿ ಹಬ್ಬುವ ಪಾಚಿಯದು ಕ್ಲೋರೊಫಿಲ್‌ನದು. ಮೂರರಲ್ಲಿ ಕೊನೆಯದು ಮಾತ್ರ ಬಿಸಿಲು ತಿಂದು ಬೆಳೆಯುತ್ತದೆ, ಕಾಲಕ್ರಮೇಣ ಕಲ್ಲನ್ನೂ ಸವೆಸುತ್ತದೆ. ಗುಡಿಯನ್ನು ಕಾಪಾಡುವವರು ಚಿಂತಿಸಬೇಕಾದ ಹಸಿರು ಅದೊಂದೇ.

ಕೆರೆಯಲ್ಲಿ ಈ ವಿಂಗಡಣೆಯ ಬೆಲೆ ಇನ್ನೂ ಹೆಚ್ಚು. ಬಾಣಾವರದ ಸುತ್ತಿನಂಥ ಬಯಲುಸೀಮೆಯ ಕೆರೆಗಳು ಬೇಸಗೆಯಲ್ಲಿ ಬತ್ತುತ್ತ ಬಂದು, ಊರಿನ ಕೊಳೆನೀರಿನಿಂದಲೂ ಹೊಲದ ಗೊಬ್ಬರದಿಂದಲೂ ರಂಜಕ, ಸಾರಜನಕ ಸೇರಿದಾಗ ನೀರು ಹಸಿರಾಗುವುದು ಸಹಜ. ದೂರದಿಂದ ನೋಡಿದರೆ ಅದು ಒಂದೇ ಹಸಿರು. ಆದರೆ ಕೋಲಿನಿಂದ ಎತ್ತಿದಾಗ ಎಳೆಯೆಳೆಯಾಗಿ ಜೋತುಬಿದ್ದರೆ ಅದು ಸ್ಪೈರೊಗೈರದಂಥ ನಿಜವಾದ ಹಸಿರು ಪಾಚಿ, ಸಾಮಾನ್ಯವಾಗಿ ಅಪಾಯವಿಲ್ಲ. ಪುಟಾಣಿ ಎಲೆಗಳ ಹಾಸಾಗಿದ್ದರೆ ಅಜೋಲ. ಅದು ಜರೀಗಿಡದ ಜಾತಿ, ಎಲೆಯ ಗೂಡಿನಲ್ಲಿ ಸಾರಜನಕ ಹಿಡಿಯುವ ಸಯನೊಬ್ಯಾಕ್ಟೀರಿಯವನ್ನು ಸಾಕುತ್ತದೆ, ರೈತರು ಅದನ್ನು ತೊಟ್ಟಿಯಲ್ಲಿ ಬೆಳೆಸಿ ಹಸುಗಳಿಗೆ ಮೇವಾಗಿ ಕೊಡುತ್ತಾರೆ. ಕೋಲಿಗೆ ಬಣ್ಣ ಬಳಿದಂತೆ ಅಂಟಿಕೊಂಡರೆ ಅದು ಮೈಕ್ರೊಸಿಸ್ಟಿಸ್‌ನಂಥ ಸಯನೊಬ್ಯಾಕ್ಟೀರಿಯದ ಕೆನೆ ಇರುವ ಸಾಧ್ಯತೆ ಹೆಚ್ಚು. ಅದರ ಕೆಲವು ತಳಿಗಳು ಸೂಸುವ ವಿಷ ಯಕೃತ್ತನ್ನು ಕೆಡಿಸುತ್ತದೆ, ಅಂಥ ನೀರು ಕುಡಿದ ದನಕರು ಸತ್ತ ಉದಾಹರಣೆಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಮೂರೂ ಕ್ಲೋರೊಫಿಲ್ ಹೊತ್ತವೇ, ಮೂರೂ ದುಡಿಯುವ ಹಸಿರೇ; ಆದರೂ ಒಂದು ಮೇವು, ಒಂದು ನಿರಪಾಯ, ಒಂದು ವಿಷ. ಕೋಲಿನ ಪರೀಕ್ಷೆಯೂ ಕೊನೆಯ ಮಾತಲ್ಲ, ಅದನ್ನು ಸೂಕ್ಷ್ಮದರ್ಶಕದಿಂದ ಖಚಿತಪಡಿಸಿಕೊಳ್ಳಬೇಕು. ಅಲ್ಲಿಯವರೆಗೆ ದನವನ್ನು ಆ ನೀರಿಗೆ ಬಿಡದಿರುವುದು ಜಾಣತನ.

ಹೀಗೆ ನೋಡಿದಾಗ ‘ಹಸಿರು’ ಎಂಬ ಸುಳಿವನ್ನು ತಳ್ಳಿಹಾಕುವ ಅಗತ್ಯವಿಲ್ಲ, ಅದಕ್ಕೆ ಶಕ್ತಿ ಮೀರಿದ ಕೆಲಸ ಕೊಡದಿದ್ದರಾಯಿತು. ಅದು ಜೀವಿಯ ಜಾತಿಯನ್ನು ಹೇಳಲಾರದು, ಗುಣವನ್ನೂ ಹೇಳಲಾರದು. ಅದು ಕೇಳಿಸುವ ಪ್ರಶ್ನೆ ಎರಡೇ: ಇಲ್ಲಿ ಬೆಳಕಿನಿಂದ ಅನ್ನ ಆಗುತ್ತಿದೆಯೇ, ಅಥವಾ ಅನ್ನ ಆಗುವ ಕಡೆ ಯಾರಾದರೂ ಅಡಗಿದ್ದಾರೆಯೇ? ಎಲೆಗಳಿಲ್ಲದ ಲೋಕದಲ್ಲಿ ಹಸಿರು ಮಿಡತೆಗೆ ಅರ್ಥವಿಲ್ಲ. ಮಿಡತೆಗಳಿಲ್ಲದ ಲೋಕದಲ್ಲಿ ಎಲೆ ಹಸಿರಾಗಿಯೇ ಇರುತ್ತಿತ್ತು. ಈ ಏಕಮುಖ ಅವಲಂಬನೆಯಿಂದ ಒಂದು ಊಹೆ ಹೊರಡುತ್ತದೆ. ಬಯಲುಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷಗಳು ಹೆಚ್ಚಿದರೆ ಮೊದಲು ಕಳೆಗುಂದುವುದು ಗಿಡದ ಹಸಿರು. ಅದರ ಬೆನ್ನಿಗೆ ಮಿಡತೆಗಳ ನಡುವೆ ಹಸಿರಿನ ಪಾಲು ಕುಗ್ಗಿ ಕಂದಿನ ಪಾಲು ಹಿಗ್ಗಬೇಕು. ಇದು ಎಣಿಸಿ ನೋಡಬಹುದಾದ ಸಂಗತಿ. ಒಂದೇ ಹುಲ್ಲುಗಾವಲಿನಲ್ಲಿ, ಒಂದೇ ಜಾತಿಯ ಮಿಡತೆಗಳನ್ನು ವರ್ಷದಿಂದ ವರ್ಷಕ್ಕೆ ಬಣ್ಣವಾರು ಎಣಿಸಿ ಮಳೆಯ ಲೆಕ್ಕದ ಪಕ್ಕದಲ್ಲಿಡಲು ಶಾಲೆಯ ಮಕ್ಕಳಿಗೂ ಸಾಧ್ಯ. ಮಳೆ ಕುಗ್ಗಿಯೂ ಹಸಿರು ಮಿಡತೆಗಳ ಪಾಲು ಹಾಗೆಯೇ ಉಳಿದರೆ ಈ ಅಧ್ಯಾಯದ ವಾದವನ್ನು ತಿದ್ದಬೇಕಾಗುತ್ತದೆ.